ಅಳಿಯನ ಕಾರಿನೊಳಗೆ ಛತ್ರಿ

ಸಿಯಾಟಲ್ ಸೀಮೆಯವರಿಗೆ ಛತ್ರಿ ಅಂದರೆ ಒಂಥರಾ ಅವಮಾನ. ಮಳೆ ಬಂದರೆ ಜಾಕೆಟ್ಟಿನ ಟೊಪ್ಪಿ ಎಳೆದುಕೊಂಡು ನಡೆದೇ ಹೋಗುತ್ತಾರೆ. ಛತ್ರಿ ಹಿಡಿದವನು ಹೊಸಬ ಅಂತಲೇ ಲೆಕ್ಕ. ಇಂಥ ಊರಿನಲ್ಲಿ ಮೊನ್ನೆ ಶನಿವಾರ ನಮ್ಮಪ್ಪ ಛತ್ರಿ ಬಿಚ್ಚಿದರು. ಅದೂ ಕಾರಿನ ಒಳಗೆ ಕೂತು.

ಸಿಯಾಟಲ್ ಪಕ್ಕದ ಬಾಥೆಲ್‌ನ ದೊಡ್ಡ ಸಿಗ್ನಲ್ಲು. ನನ್ನ ಗಂಡ ಬ್ರೇಕ್ ಒತ್ತಿದ್ದಷ್ಟೇ, ಪಕ್ಕದ ಸೀಟಿನಿಂದ 'ಫಟ್' ಅಂತ ಸದ್ದು. ಮಡಚುವ ಪುಟಾಣಿ ಛತ್ರಿ ಅಲ್ಲ, ಊರಿಂದ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಿ ತಂದ ಬಾಗು ಹಿಡಿಕೆಯ ಕರೀ ಛತ್ರಿ. ಒಂದು ಕಡ್ಡಿ ಇವರ ಕಿವಿಗೆ ಚುಚ್ಚಿತು, ಇನ್ನೊಂದು ಕನ್ನಡಿಯನ್ನು ತಿರುಗಿಸಿ ಸೀದಾ ಹಿಂದೆ ಕೂತಿದ್ದ ಅಮ್ಮನ ಮುಖ ತೋರಿಸಿತು. ಮುಂದಿನ ಗಾಜಿನಲ್ಲಿ ಅರ್ಧ ಕರೀ ಬಟ್ಟೆ. "ಮಾವ! ಏನ್ ಮಾಡ್ತಿದ್ದೀರಾ? ಮಡಚಿ!" ಅಂತ ಇವರು. ಆದರೆ ಬಿಚ್ಚಿದ ಛತ್ರಿಯನ್ನು ಮಡಚಲೂ ಜಾಗ ಬೇಕಲ್ಲ. ಅಪ್ಪ ಎಳೆದಷ್ಟೂ ಅದು ಹಟ ಹಿಡಿಯಿತು. ಪಕ್ಕದ ಟ್ರಕ್ಕಿನ ಗಡ್ಡದವನು ನಮ್ಮನ್ನು ನೋಡಿದ, ಆಮೇಲೆ ತಲೆಯೆತ್ತಿ ತನ್ನ ಟ್ರಕ್ಕಿನ ಮಾಡನ್ನೊಮ್ಮೆ ನೋಡಿಕೊಂಡ. ಹಸಿರು ದೀಪ ಬಿತ್ತು. ಹಾರ್ನ್ ಒತ್ತುವುದನ್ನೇ ಮರೆತ ಈ ಊರಿನಲ್ಲಿ ನಮಗಾಗಿ ಅವತ್ತು ಮೂರು ಕಡೆಯಿಂದ ಹಾರ್ನು. ಒಂಬತ್ತು ವರ್ಷದ ಮಗ ಮಾತ್ರ, "ಅಜ್ಜ, ಯು ಆರ್ ಇನ್‌ಸೈಡ್!" ಅಂತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ವಿಚಾರಣೆ ನಡೆದದ್ದು ಅಂಗಡಿಯ ಪಾರ್ಕಿಂಗಿನಲ್ಲಿ. ಬ್ರೇಕ್ ಹಾಕಿದಾಗೆಲ್ಲ ಮಾಡಿನ ಬಲಮೂಲೆಯಿಂದ ಅಪ್ಪನ ಬೋಳುತಲೆಯ ಮೇಲೆ ಸರಿಯಾಗಿ ಒಂದು ಹನಿ ಬೀಳುತ್ತಿತ್ತಂತೆ. ಎಷ್ಟು ದಿನದಿಂದ? ಬಂದಾಗಿನಿಂದ! ಏಪ್ರಿಲ್ ತಿಂಗಳಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕಾರು ಹತ್ತುತ್ತಿದ್ದವರನ್ನು ನಾವೆಲ್ಲ "ಅಷ್ಟೊಂದು ಚಳಿನಾ?" ಅಂತ ಆಡಿಕೊಂಡದ್ದೇ ಬಂತು. ಶನಿವಾರ ಕ್ಯಾಪು ವಾಷಿಂಗ್ ಮೆಷಿನ್ನಿಗೆ ಬಿದ್ದಿತ್ತು, ಅದಕ್ಕೇ ಛತ್ರಿ. "ಹೇಳಬಾರದಿತ್ತಾ ಅಪ್ಪ?" ಅಂದೆ. ಅಪ್ಪ ಕೂದಲಿಲ್ಲದ ತಲೆ ಒರೆಸಿಕೊಳ್ಳುತ್ತಾ, ಇವರಿಗೆ ಕೇಳದ ಹಾಗೆ ಅಂದರು: "ಎಂತ ಮಾರಾಯ್ತಿ, ಅಳಿಯನ ಕಾರು ಸೋರ್ತದೆ ಅಂತ ನಾನು ಬಾಯಿಬಿಟ್ಟು ಹೇಳೋದಾ?"

ಅಪ್ಪ ಹೊಸನಗರದ ಹುಲಿಕಲ್ ಕಡೆಯವರು. ಅಲ್ಲಿ ಒಳ್ಳೆಯ ವರ್ಷ ಮಳೆ 6000 ಮಿಲಿಮೀಟರ್ ದಾಟುತ್ತದೆ. ಸಿಯಾಟಲ್ಲಿನವರು ಜಗತ್ತಿನ ಎದುರು ಹೇಳಿಕೊಂಡು ಓಡಾಡುವ ಮಳೆ ವರ್ಷಕ್ಕೆ ಸರಾಸರಿ 1000 ಮಿಲಿಮೀಟರಿನ ಆಸುಪಾಸು, ಅಷ್ಟೇ. ಅಡಿಕೆ ಕೊಯ್ಲು ಮುಗಿಸಿ ಬಂದ ಅವರಿಗೆ ಇದು ಮಳೆಯೇ ಅಲ್ಲ, ಮೋಡದ ಬೆವರು. ಅದು ತಲೆಯ ಮೇಲೆ ಬಿದ್ದದ್ದಕ್ಕಿಂತ, ಅದಕ್ಕೆ ಛತ್ರಿ ಹಿಡಿಯಬೇಕಾಗಿ ಬಂದದ್ದೇ ಅವರಿಗೆ ದೊಡ್ಡ ಕಸಿವಿಸಿ.

ಬೆಂಗಳೂರಿನ ಅಳಿಯನಿಗೆ ಸ್ವಾಭಿಮಾನ ಕೆರಳಿತು. ಕಾರು 2009ರದ್ದು, ನನಗಿಂತ ಮೊದಲು ಇವರ ಬಾಳಿಗೆ ಬಂದದ್ದು. ಅದನ್ನು ಮಾರೋಣ ಅಂದರೆ ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ರಾತ್ರಿಯಿಡೀ ವಿಡಿಯೋ ನೋಡಿ, ಸಿಲಿಕೋನ್ ಟ್ಯೂಬು ತಂದು, ಸನ್‌ರೂಫ್ ಗಾಜಿನ ಸುತ್ತ ಹುಟ್ಟುಹಬ್ಬದ ಕೇಕಿಗೆ ಕ್ರೀಮ್ ಬಳಿಯುವ ಶ್ರದ್ಧೆಯಲ್ಲಿ ಬಳಿದರು. ಮಾರನೇ ದಿನ ಮಳೆ. ಹನಿ ಬಿತ್ತು, ಅದೇ ಮೂಲೆಯಿಂದ. ವ್ಯತ್ಯಾಸ ಇಷ್ಟೇ: ಈಗ ಸನ್‌ರೂಫು ತೆರೆಯುತ್ತಲೂ ಇರಲಿಲ್ಲ.

ಅಪ್ಪ ಬೆನ್ನ ಹಿಂದೆ ಕೈಕಟ್ಟಿಕೊಂಡು ಕಾರಿಗೆ ಪ್ರದಕ್ಷಿಣೆ ಬಂದರು. ತೋಟ ನೋಡುವಾಗಿನ ಅದೇ ನಡಿಗೆ. "ಅಳಿಯಂದಿರೇ, ಬಿದ್ದ ನೀರು ಹೊರಗೆ ಹೋಗೋದು ಎಲ್ಲಿಂದ?" ಅಂದರು. "ಒಳಗೆ ಬರಲೇಬಾರದು ಮಾವ, ಅದಕ್ಕೇ ರಬ್ಬರ್ ಇರೋದು." "ರಬ್ಬರ್ ಎಂತ ಮಾಡ್ತದೆ? ಬಸಿಗಾಲುವೆ ತೋರ್ಸಿ."

ಅಡಿಕೆ ತೋಟದವರಿಗೆ ಬಸಿಗಾಲುವೆ ಬಿಟ್ಟರೆ ಬೇರೆ ಶಾಸ್ತ್ರವಿಲ್ಲ. ಆದರೆ ಸನ್‌ರೂಫ್ ಮಾಡಿದವರೂ ಇದೇ ಶಾಸ್ತ್ರ ಓದಿದವರೇ. ಗಾಜಿನ ಸುತ್ತಲ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ. ಸ್ವಲ್ಪ ನುಸುಳುತ್ತದೆ ಅಂತ ಗೊತ್ತಿದ್ದೇ ಕೆಳಗೊಂದು ತಟ್ಟೆಯಂಥ ಚೌಕಟ್ಟು ಇಟ್ಟಿರುತ್ತಾರೆ. ಅದರ ನಾಲ್ಕು ಮೂಲೆಗೆ ನಾಲ್ಕು ತೂತು, ಒಂದೊಂದಕ್ಕೂ ಬೆರಳಿಗಿಂತ ಸಪೂರದ ಪೈಪು. ಮುಂದಿನವೆರಡು ಎದುರಿನ ಗಾಜಿನ ಪಕ್ಕದ ಕಂಬಗಳೊಳಗೆ ಇಳಿದು, ನಮ್ಮ ಕಾರಿನಲ್ಲಿ ಬಾಗಿಲಿನ ಕೀಲಿನ ಹತ್ತಿರ ಹೊರಬೀಳುತ್ತವೆ. ಹಿಂದಿನವೆರಡು ಹಿಂದಿನ ಚಕ್ರದ ಕಡೆಗೆ. ಪೈಪು ಕಟ್ಟಿಕೊಂಡರೆ ತಟ್ಟೆ ತುಂಬುತ್ತದೆ. ಬ್ರೇಕ್ ಹಾಕಿದರೆ ತುಂಬಿದ್ದು ಮುಂದಕ್ಕೆ ತುಳುಕುತ್ತದೆ. ಕೆಳಗೆ ಮಾವ.

ಸಿಲಿಕೋನನ್ನು ಇವರೇ ಹಲ್ಲು ಕಚ್ಚಿಕೊಂಡು ಕೆರೆದು ತೆಗೆದರು. ಅಮ್ಮನ ಸ್ಟೀಲ್ ಲೋಟ ಬಂತು. ಅಪ್ಪ ಎಡಮೂಲೆಗೆ ನಿಧಾನ ನೀರು ಬಿಟ್ಟರು. ಗುಳುಗುಳು ಸದ್ದು, ನೆಲದ ಮೇಲೆ ಧಾರೆ. ಬಲಮೂಲೆಗೆ ಬಿಟ್ಟರು. ನೀರು ಅಲ್ಲೇ ನಿಂತು ಆಕಾಶ ನೋಡಿತು. ಅಪ್ಪನೂ ಅಳಿಯನ ಮುಖ ನೋಡಿದರು, ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿಯಿತ್ತು.

ಇವರು ಗಾಳಿ ಪಂಪು ತರಲು ಹೊರಟದ್ದನ್ನು ನಾನೇ ತಡೆದೆ. ಜೋರು ಗಾಳಿ ಹೊಡೆದರೆ ಪೈಪು ಬುಡದಿಂದ ಕಳಚಿಕೊಳ್ಳಬಹುದು, ಆಮೇಲೆ ಹನಿಯಲ್ಲ, ನಲ್ಲಿ. ತಂತಿ ತೂರಿಸಿದರೆ ಪೈಪೇ ಹರಿದೀತು. ಕೊನೆಗೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುದಿಯನ್ನು ಲೈಟರಿನಲ್ಲಿ ಕರಗಿಸಿ ಉರುಟು ಮಾಡಿ, ಮಾವ ಮೇಲಿಂದ ಇಳಿಬಿಟ್ಟರು, ಅಳಿಯ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕೂತರು. "ಬಂತಾ?" "ಇಲ್ಲ ಮಾವ." "ಈಗ?" "ಇಲ್ಲ." ಮದುವೆಯಾದಾಗಿನಿಂದ ಇವರಿಬ್ಬರು ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಒಮ್ಮೆಲೇ ಕರೀ ರಾಡಿ, ಅದರ ಹಿಂದೆ ಫರ್ ಮರದ ಸೂಜಿ ಎಲೆಗಳ ಮುದ್ದೆ, ಅದರ ಹಿಂದೆ ನೀರು, ಎಲ್ಲವೂ ಅಳಿಯನ ಅಂಗಿಗೆ. "ಬಂತು ಮಾವ!" ಅಂತ ಇವರು ಕೂಗಿದ್ದು ಕೇಳಿ ಎದುರುಮನೆಯವರು ಪರದೆ ಸರಿಸಿದರು.

ನಿಜವಾದ ಮೊಕದ್ದಮೆ ಇನ್ನೂ ಬಾಕಿಯಿತ್ತು. ಯುಗಾದಿ ಊಟಕ್ಕೆ ಒಯ್ಯುವಾಗ ಅಮ್ಮನ ಹುಳಿ ಕಾರಿನಲ್ಲಿ ಚೆಲ್ಲಿತ್ತು. ಆಮೇಲೆ ಕಾರಿನಲ್ಲೊಂದು ಮುಗ್ಗಲು ವಾಸನೆ. ಇವರು ಬಾಯಲ್ಲಿ ಏನೂ ಅಂದವರಲ್ಲ. ಆದರೆ ಕನ್ನಡಿಗೆ ಒಂದರ ಮೇಲೊಂದು ಪರಿಮಳದ ಬಿಲ್ಲೆ ತೂಗುಬಿಟ್ಟಿದ್ದರು, ಅಮ್ಮ ಒಂದೊಂದನ್ನೂ ಗಮನಿಸಿದ್ದಳು. ಈಗ ಅಪ್ಪನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿದರೆ, ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ಫೋಮು ನೀರು ಕುಡಿದು ಉಬ್ಬಿತ್ತು. ಹಿಂಡಿದರೆ ಬಕೆಟ್ಟಿಗೆ ಇಳಿಯಿತು. ವಾಸನೆ ಅದರದ್ದೇ. ಅಮ್ಮ ಸೆರಗು ಸಿಕ್ಕಿಸಿಕೊಂಡು ವಾದ ಮಂಡಿಸಿದಳು: "ನನ್ನ ಹುಳಿ ಚೆಲ್ಲಿದ್ದು ಹಿಂದಿನ ಸೀಟಲ್ಲಿ. ವಾಸನೆ ಮುಂದಿನ ಸೀಟಲ್ಲಿ. ಹುಳಿಗೆ ಕಾಲು ಬರ್ತದಾ?" ಇವರು ಎದ್ದು ಹೋಗಿ ಬಿಲ್ಲೆಗಳನ್ನೆಲ್ಲ ಕಿತ್ತು ಕಸದ ಡಬ್ಬಿಗೆ ಹಾಕಿದರು. ರಾತ್ರಿ ಎರಡನೇ ಸಲ ಹುಳಿ ಬಡಿಸಿಕೊಂಡರು, ಬೇಡದಿದ್ದರೂ.

ಕಾರ್ಪೆಟ್ಟಿನ ಕೆಳಗೆ ಫ್ಯಾನು ಇಟ್ಟಿದ್ದೇವೆ, ಇನ್ನೂ ತಿರುಗುತ್ತಿದೆ. ಫರ್ ಮರದ ಕೆಳಗೆ ಕಾರು ನಿಲ್ಲಿಸುವುದನ್ನು ಅಪ್ಪ ನಿಷೇಧಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ವರ್ಷವರ್ಷ ತೂತು ಬಿಡಿಸಬೇಕು, ತಾವು ಊರಿಗೆ ಹೋದಮೇಲೆ ಯಾರು ಮಾಡುತ್ತೀರಿ ಅಂತ ಕೇಳಿದರು. ಮಗ ಕೈಯೆತ್ತಿದ. ತೂತಿಗೆ 5 ಡಾಲರ್.

"ನಾಲ್ಕು ತೂತಿಗೆ 20 ಡಾಲರಾ? ಅಷ್ಟು ದುಡ್ಡಿಗೆ ನಮ್ಮಲ್ಲಿ ಆಳು ದಿನವಿಡೀ ಬಸಿಗಾಲುವೆ ತೆಗೀತಾನೆ ಮಾರಾಯ."

"ಹಾಗಾದ್ರೆ ಆಳನ್ನೇ ಕರಿ ಅಜ್ಜ."

ಚೌಕಾಶಿ ಮುಗಿಯುವ ಹೊತ್ತಿಗೆ ತೂತಿಗೆ 3 ಡಾಲರ್, ಜೊತೆಗೆ ನೈಲಾನ್ ದಾರ ಉಚಿತ ಅಂತ ನಿಗದಿಯಾಯಿತು. ಇಬ್ಬರೂ ಕೈಕುಲುಕಿದರು. ಬಿಲ್ಲು ಮಾತ್ರ ಅಳಿಯಂದಿರ ಹೆಸರಿಗೆ.