ಬೆರಳ ಸಂದಿಯ ಸೂರ್ಯ

ತಂತ್ರಜ್ಞಾನವು ಮನುಷ್ಯನ ಕಲ್ಪನಾಶಕ್ತಿಯನ್ನು ಕೊಲ್ಲುತ್ತದೆಯೇ, ಬೆಳೆಸುತ್ತದೆಯೇ ಎಂಬ ವಾದ ಪಂಡಿತರ ನಡುವೆ ಇನ್ನೂ ಮುಗಿದಿಲ್ಲವಾದರೂ, ಕಲ್ಪನೆ ಕಾವಿಗೆ ಕೂರುತ್ತಿದ್ದ ಪುರುಸೊತ್ತು ಎಂಬ ಬುಟ್ಟಿಯನ್ನು ಅದು ಸದ್ದಿಲ್ಲದೆ ಎತ್ತಿಕೊಂಡು ಹೋಗಿರುವುದು ಕಾರವಾರದ ಕಡಲತೀರದಲ್ಲಿ ಒಂದು ಸಂಜೆ ನಿಂತವರಿಗೆಲ್ಲ ತಿಳಿಯುತ್ತದೆ.

ಆ ತೀರಕ್ಕೆ ಈಗ ರವೀಂದ್ರನಾಥ ಟಾಗೋರರ ಹೆಸರಿದೆ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಆಸುಪಾಸಿನ ಕವಿ ಬಂದು ತಂಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿ, ಮರಳುವಾಗ ದೋಣಿಯನ್ನು ಹರಿವಿಗೇ ಬಿಟ್ಟು, ಅಳಿವೆಯನ್ನು, ಎಂದರೆ ನದಿ ಕಡಲಿಗೆ ಸೇರುವ ಜಾಗವನ್ನು, ಮುಟ್ಟುವಷ್ಟರಲ್ಲಿ ತೀರ ತಡವಾದ್ದರಿಂದ ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ಹೇಳಿದ್ದಾರೆ. ಆ ರಾತ್ರಿಯೇ ಅವರು ಒಂದು ಕವಿತೆ ಬರೆದರು. ಆದರೆ ಭಾವ ಉಕ್ಕುತ್ತಿರುವಾಗ ಬರೆದದ್ದೆಲ್ಲ ಒಳ್ಳೆಯದಾಗಬೇಕೆಂದಿಲ್ಲ, ಕಾವ್ಯಕ್ಕೆ ನೆನಪಿನ ಕುಂಚವೇ ಮೇಲು ಎಂಬ ಅರ್ಥದ ಮಾತನ್ನೂ ಅವರೇ ಮುಂದೆ ಸೇರಿಸಿದರು. ಕಂಡದ್ದನ್ನು ಕಂಡ ಕ್ಷಣದಲ್ಲೇ ಊರಿಗೆಲ್ಲ ತೋರಿಸುವ ‘ಲೈವ್’ ಎಂಬ ಇಂದಿನ ಪದ್ಧತಿಗೆ ಇದಕ್ಕಿಂತ ಸಭ್ಯವಾದ ಖಂಡನೆ ದೊರೆಯುವುದು ಕಷ್ಟ.

ಕಾರವಾರದಲ್ಲಿ ಅವರು ಬರೆದ ‘ಪ್ರಕೃತಿಯ ಪ್ರತಿಶೋಧ’ ನಾಟಕದಲ್ಲಿ, ಸಕಲ ಬಂಧನಗಳನ್ನೂ ಕಳಚಿ ಪ್ರಕೃತಿಯನ್ನೇ ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯೊಬ್ಬಳ ಅಕ್ಕರೆ ಮತ್ತೆ ಲೋಕಕ್ಕೆ ಎಳೆದುತರುತ್ತದೆ. ಇಂದು ಅದೇ ಮರಳಿನ ಮೇಲೆ ಅಲೆಯ ಸದ್ದು, ಹೆಂಡತಿಯ ಮಾತು, ತಟ್ಟೆಯಲ್ಲಿ ಆರುತ್ತಿರುವ ಮಿರ್ಚಿ ಭಜಿ ಯಾವುದರ ಪರಿವೆಯೂ ಇಲ್ಲದೆ ತಲೆ ತಗ್ಗಿಸಿ ಕೂತ ಸಂನ್ಯಾಸಿಗಳು ನೂರಾರು ಕಾಣಸಿಗುತ್ತಾರೆ. ಅವರನ್ನು ಲೋಕಕ್ಕೆ ಎಳೆದುತರುವ ಬಾಲಕಿಯ ಕೆಲಸವನ್ನು ಬ್ಯಾಟರಿ ಮುಗಿಯುವುದೊಂದೇ ಮಾಡಬೇಕಾಗಿದೆ. ಎಚ್ಚೆತ್ತವರಾದರೂ ಮಾಡುವುದೇನು? ಮುಳುಗುವ ಸೂರ್ಯನನ್ನು ಗೋಲಿಯಂತೆ ಎರಡು ಬೆರಳ ನಡುವೆ ಹಿಡಿದಂತೆ ನಿಲ್ಲುವುದು. “ಇನ್ನೂ ಸ್ವಲ್ಪ ಮೇಲೆ, ಎಡಕ್ಕೆ, ಸಾಕು ಸಾಕು, ಮತ್ತೆ ಕೆಳಗೆ” ಎಂದು ಫೋಟೊ ತೆಗೆಯುವವರು ಕೂಗುತ್ತಿರುವಂತೆಯೇ ಸೂರ್ಯ ಯಾರ ಅಪ್ಪಣೆಗೂ ಕಾಯದೆ ಜಾರಿಹೋಗುತ್ತಾನೆ. ಬೆರಳುಗಳು ಮಾತ್ರ ನಶ್ಯದ ಚಿಟಿಕೆ ಹಿಡಿದಂತೆ ಗಾಳಿಯಲ್ಲಿ ಉಳಿಯುತ್ತವೆ.

ನೆರೆಯ ಅಂಕೋಲೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಆ ತಾಲ್ಲೂಕಿನ ದಿನಕರ ದೇಸಾಯಿಯವರು (1909–1982) ನಾಲ್ಕೇ ಸಾಲಿನ ಪದ್ಯವಾದ ಚೌಪದಿಯನ್ನು ನಾಡಿಗೆಲ್ಲ ಪ್ರಿಯವಾಗಿಸಿದರು. ಓದಿದ ಅಪಾರ ಬರಹದ ಜಾಡು ಹಿಡಿದು ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕುವ ಯಂತ್ರವಿದ್ಯೆಯಾದ ಇಂದಿನ ಕೃತಕ ಬುದ್ಧಿಮತ್ತೆಯು ಬಂಗಡೆ ಮೀನಿನ ಮೇಲೆ ಅಂಥ ನಾಲ್ಕು ಸಾಲನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಪ್ರಾಸ ಸಮೇತ ಒದಗಿಸಬಲ್ಲದು. ಆದರೆ ಈ ಕರಾವಳಿಯಲ್ಲಿ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಹೊರಗೆ ಜಡಿಮಳೆ, ಒಳಗೆ ಒಣಮೀನಿನ ಚಟ್ನಿ, ನಾಲಿಗೆಯಲ್ಲಿ ಹಸಿ ಬಂಗಡೆಯ ಧ್ಯಾನ. ಕರಾವಳಿಯವರ ಅತ್ಯುತ್ತಮ ಕಲ್ಪನೆಗಳು ಹುಟ್ಟುವುದು ಈ ಇಲ್ಲದಿರುವಿಕೆಯಲ್ಲಿ. ಯಂತ್ರಕ್ಕಾದರೋ ಹನ್ನೆರಡು ತಿಂಗಳೂ ಬಂಗಡೆಯೇ, ಒಂದು ದಿನವೂ ಹಸಿವಿಲ್ಲ.

ಯಂತ್ರದಿಂದ ಉಪಕಾರವೇ ಇಲ್ಲವೆಂದರೆ ಅದು ಕೃತಘ್ನತೆಯಾದೀತು. ಅಂಕೋಲೆಯ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡ ಮೇಲೂ ಅವರ ದನಿ ಕೇಳಲು ಸಿಗುವುದು ಧ್ವನಿಮುದ್ರಣದ ದೆಸೆಯಿಂದ. ಆದರೂ ಧ್ವನಿಮುದ್ರಿತ ಹಾಡು ಎಷ್ಟು ಸಲ ಕೇಳಿದರೂ ಅದೇ ಜಾಗದಲ್ಲಿ ಉಸಿರೆಳೆಯುತ್ತದೆ. ಬಾಯಿಂದ ಬಾಯಿಗೆ ಹರಿಯುವ ಹಾಡು ಮಾತ್ರ ಹಾಡುವವರ ಮನಸ್ಸಿನಂತೆ ಒಂದು ಸೊಲ್ಲು ಬಿಟ್ಟು ಇನ್ನೊಂದನ್ನು ಕಟ್ಟಿಕೊಳ್ಳುತ್ತದೆ. ಯಂತ್ರ ಕಾಯ್ದಿಡಬಲ್ಲದು, ಮುಂದಿನ ಸೊಲ್ಲು ಕಟ್ಟುವ ಕೆಲಸ ಕೇಳುವವರದು.

ಓದುಗರು ಮುಂದೆ ಕಾರವಾರಕ್ಕೆ ಹೋದಾಗ ಒಂದು ಸಂಜೆಯ ಮಟ್ಟಿಗೆ ಆ ಎರಡು ಬೆರಳನ್ನು ಜೇಬಿನಲ್ಲಿಟ್ಟುಕೊಂಡು ನಿಲ್ಲಲಿ. ಫೋಟೊ ಸಿಗದೆ ಹೋದರೂ, ಊರಿಗೆ ಮರಳಿದ ಮೇಲೆ ಹೇಳಲು ಏನಾದರೊಂದು ಉಳಿದಿರುತ್ತದೆ.