ರೈಲು ಹತ್ತಿದ ಮಸಿಬಟ್ಟೆ

ಬ್ರಿಟನ್ನಿನ ಅಡುಗೆಮನೆಯಲ್ಲಿ ತೊಳೆದ ಪಿಂಗಾಣಿ ಒರೆಸುವ ಬಟ್ಟೆಗೆ ಟೀ ಟವೆಲ್ ಎಂದು ಹೆಸರು. ನಮ್ಮ ಮಸಿಬಟ್ಟೆಗೆ ದೂರದ ನೆಂಟ; ಆದರೆ ಮಸಿ ತಾಗಿಸಿಕೊಳ್ಳದಷ್ಟು ಸ್ಥಿತಿವಂತ. ಇದರ ಮೇಲೆ, ಜೊತೆಗೆ ಏಪ್ರನ್ನಿನ ಮೇಲೂ, ಈಗ ಹಳೆಯ ರೈಲ್ವೆ ಪೋಸ್ಟರುಗಳು ಬಂದು ಕೂತಿವೆ.

ಇವುಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಸ್ಕೆಗ್ನೆಸ್ ಕಡಲತೀರದಲ್ಲಿ ಕುಣಿಯುವ ಡೊಳ್ಳುಹೊಟ್ಟೆಯ ಮೀನುಗಾರ. ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ 1908ರಲ್ಲಿ ಜಾನ್ ಹ್ಯಾಸಲ್ ಬರೆದ ಚಿತ್ರ. ಸಂಭಾವನೆ 12 ಗಿನಿ. ಅಲ್ಲಿನ ಗಾಳಿ ಮೈಗೆ ಚೈತನ್ಯ ಕೊಡುತ್ತದೆಂಬುದು ಪೋಸ್ಟರಿನ ಘೋಷಣೆ. ಉತ್ತರ ಸಮುದ್ರದ ಕೊರೆಯುವ ಗಾಳಿಗೆ ಇದಕ್ಕಿಂತ ಮರ್ಯಾದೆಯ ಹೆಸರು ಸಿಗಲಾರದು. ಚಿತ್ರ ಬರೆದಾತ ಆ ಊರಿಗೆ ಕಾಲಿಟ್ಟದ್ದು 1936ರಲ್ಲಿ!

1923ರಲ್ಲಿ ಬ್ರಿಟನ್ನಿನ ಹೆಚ್ಚಿನ ರೈಲು ಕಂಪನಿಗಳು ಸೇರಿ ನಾಲ್ಕು ದೊಡ್ಡ ಸಂಸ್ಥೆಗಳಾದ ಮೇಲೆ ಪೋಸ್ಟರುಗಳ ಪೈಪೋಟಿ ಜೋರಾಯಿತು. ಟಾಮ್ ಪರ್ವಿಸ್‌ನಂಥ ಕಲಾವಿದರು ವಿವರಗಳನ್ನೆಲ್ಲ ಕೈಬಿಟ್ಟು, ನಾಲ್ಕಾರು ಗಾಢ ಬಣ್ಣಗಳಲ್ಲೇ ಕಡಲು, ಮರಳು, ಕೊಡೆ ಮುಗಿಸಿದರು. ದೂರದ ಪ್ಲಾಟ್‌ಫಾರ್ಮಿಗೂ ಕಾಣಲೆಂದು ಮಾಡಿದ ಈ ಉಪಾಯ ಬಟ್ಟೆಯ ಅಚ್ಚಿಗೂ ಒದಗಿತು. ಆಕಾರವೂ ಒಗ್ಗುತ್ತದೆ: ನಿಲ್ದಾಣದ ಪೋಸ್ಟರಿನ ಒಂದು ರೂಢಿಯ ಅಳತೆ 40 ಇಂಚು ಉದ್ದ, 25 ಇಂಚು ಅಗಲ, ಟವೆಲ್ಲು ಅದರದೇ ಮರಿ.

ಹೆಚ್ಚಿನ ಪೋಸ್ಟರುಗಳಲ್ಲಿ ಆಕಾಶ ಸದಾ ನೀಲಿ. ಇಂಗ್ಲೆಂಡಿನ ಮಳೆ ಬೀಳುವುದು ಟವೆಲ್ಲಾದ ಮೇಲೆ, ಅದೂ ಸಿಂಕಿನ ಬಳಿ. ದುಡ್ಡು ಕೊಟ್ಟವರಿಗೆ ಒರೆಸಲು ಮನಸ್ಸು ಬಾರದೆ ಕೆಲವು ಗೋಡೆ ಸೇರಿ, ಮತ್ತೆ ಪೋಸ್ಟರೇ ಆಗುತ್ತವೆ. ಮೂಲ ಪೋಸ್ಟರುಗಳ ದೊಡ್ಡ ಸಂಗ್ರಹ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿ ಒದ್ದೆ ಕೈಗೆ ಪ್ರವೇಶವಿಲ್ಲ.