ಹೋಗಣ್ಣ, ಏನೂ ಆಗಲ್ಲ

ಜವನಗೊಂಡನಹಳ್ಳಿಯಲ್ಲಿ ಹವ್ಯಾಸವಿಲ್ಲದ ಮನುಷ್ಯನಿಲ್ಲ. ಈ ಮಾತನ್ನು ನಾನು ದಾಖಲೆ ಸಮೇತ ಹೇಳಬಲ್ಲೆ. ಊರಿನ ಮದುವೆ ಬಯೋಡೇಟಾಗಳೆಲ್ಲ ಟೈಪಾಗುವುದು ನನ್ನ ಜೆರಾಕ್ಸ್ ಅಂಗಡಿಯಲ್ಲೇ. ಹೆಸರು, ನಕ್ಷತ್ರ, ಎತ್ತರ, ಅಡಿಕೆ ಗಿಡ ಎಷ್ಟು, ಬೋರ್‌ವೆಲ್ ಎಷ್ಟು, ಅದರಲ್ಲಿ ನೀರಿರುವುದು ಎಷ್ಟು ಎಂಬುದನ್ನೆಲ್ಲ ಪಟಪಟನೆ ಹೇಳುವ ಹುಡುಗ 'ಹವ್ಯಾಸ' ಎಂಬ ಸಾಲಿಗೆ ಬಂದ ಕೂಡಲೇ ಕಕ್ಕಾಬಿಕ್ಕಿಯಾಗುತ್ತಾನೆ.

"ಬಿಡುವಿದ್ದಾಗ ಏನ್ ಮಾಡ್ತೀಯಪ್ಪ?"

"ಬಿಡುವಾಗೇ ಇರ್ತೀನಣ್ಣ."

ಕೊನೆಗೆ "ನೀವೇ ಏನಾದ್ರೂ ಒಳ್ಳೇದು ಹಾಕ್ರಿ" ಎಂದು ನನಗೇ ಬಿಡುತ್ತಾನೆ. ನಾನು 'ಪುಸ್ತಕ ಓದುವುದು, ಸಂಗೀತ ಕೇಳುವುದು' ಎಂದು ಹಾಕುತ್ತೇನೆ. ಎಸ್ಸೆಸ್ಸೆಲ್ಸಿ ಆದಮೇಲೆ ಪುಸ್ತಕದ ಮುಖ ನೋಡದವರನ್ನೆಲ್ಲ ಓದುಗರನ್ನಾಗಿ ಮಾಡಿದ ಪುಣ್ಯ ನನ್ನದು. ಹೆಣ್ಣಿನ ಕಡೆಯವರು ಒಬ್ಬರಾದರೂ "ಯಾವ ಪುಸ್ತಕ?" ಎಂದು ಕೇಳಿದ್ದು ನನಗೆ ಗೊತ್ತಿಲ್ಲ. ಒಮ್ಮೆ ಮಾತ್ರ ನಿಜವಾಗಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಜೊತೆಗಿದ್ದ ಅವರಮ್ಮ "ಓದೋದು ತೆಗೀರಿ, ಎದುರು ಮಾತಾಡ್ತಾಳೆ ಅನ್ಕೊಂಡಾರು. ರಂಗೋಲಿ ಹಾಕ್ರಿ" ಎಂದರು.

ನನ್ನ ಓದು ಗಾಜಿನ ಮೇಲಿನ ಓದು. ಇದು ಹೋಬಳಿ ಕೇಂದ್ರ. ನಾಡಕಚೇರಿಗೆ ಬಂದವರು ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಹಿಡಿದು ನನ್ನಲ್ಲಿಗೆ ಬರುತ್ತಾರೆ. ಯಂತ್ರ ಬಿಸಿಯಾಗುವಷ್ಟರಲ್ಲಿ ಅರ್ಧ ಪುಟ, ಚಿಲ್ಲರೆ ಹುಡುಕಲು ಗಿರಾಕಿ ಜೇಬು ತಡಕುವಷ್ಟರಲ್ಲಿ ಇನ್ನರ್ಧ. ಹೀಗೆ ಓದಿದ ಕಾದಂಬರಿಗಳಲ್ಲಿ ನಾಯಕಿ ಅಳತೊಡಗಿದ ಹೊತ್ತಿಗೆ ಸರಿಯಾಗಿ "ಎರಡೂ ಕಡೆ ಒಂದೇ ಹಾಳೆಗೆ ಬರ್ಲಿ" ಎಂಬ ದನಿ ಕೇಳಿಸುತ್ತದೆ.

ಇನ್ನು ಊರಿನ ನಿಜವಾದ ಹವ್ಯಾಸ ಯಾವ ಬಯೋಡೇಟಾದಲ್ಲೂ ಬರುವುದಿಲ್ಲ. ಅದು ಇನ್ನೊಬ್ಬರನ್ನು ಹುರಿದುಂಬಿಸುವುದು. ಖರ್ಚಿಲ್ಲ, ಸಾಮಾನು ಬೇಡ, ಸಂಜೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಮಾಡಬಹುದು. "ಮಾಡು, ಏನೂ ಆಗಲ್ಲ" ಎಂಬುದು ಅದರ ಮೂಲಮಂತ್ರ. ಹೇಳುವವರು ತಾವು ಅದನ್ನು ಮಾಡಿರಬಾರದು ಎಂಬುದೊಂದೇ ನಿಯಮ.

ಈ ವಿದ್ಯೆಯಲ್ಲಿ ನಮ್ಮ ಸೀಮೆಯವರನ್ನು ಮೀರಿಸುವುದು ಕಷ್ಟ. ಪಾಯಿಂಟ್ ಹಿಡಿಯುವ ದೊಡ್ಡಪ್ಪ ಒಬ್ಬರಿದ್ದಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು "ಎರಡಿಂಚು ನೀರು, ಹೊಡೆಸು" ಎನ್ನುತ್ತಾರೆ. ಆರುನೂರು ಅಡಿಗೆ ಬರೀ ಧೂಳು ಬಂದಾಗ ರಿಗ್ ಲಾರಿಯವನೇ ಬೇಸತ್ತು "ಎತ್ತಿ ಬಿಡಣ್ವಾ?" ಎಂದು ಕೇಳುತ್ತಾನೆ. ಆಗ ದೊಡ್ಡಪ್ಪ ಬಾಯಿಗೆ ಟವೆಲು ಅಡ್ಡ ಹಿಡಿದು, ಆ ಧೂಳಿನಲ್ಲೇ ಕೈಬೀಸಿ "ಇನ್ನೊಂದು ಐವತ್ತು ಅಡಿ ಇಳಿಸು" ಎಂದು ಕೂಗುತ್ತಾರೆ. ದುಡ್ಡು ಅಡಿ ಲೆಕ್ಕದಲ್ಲಿ ಹೋಗುವುದು ಹೊಲದವನದು. ಅವನೂ "ಹೂಂ, ಇಳಿಸು" ಎನ್ನುತ್ತಾನೆ.

ಮಾರಿಕಣಿವೆಯ ಕಥೆಯೂ ಇದೇ. ಸರ್ಕಾರಿ ಕಾಗದದಲ್ಲಿ ಅದು ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ, ಪ್ರತಿ ಮುಂಗಾರಿಗೂ, ಹಿರಿಯೂರು ತಾಲ್ಲೂಕಿನ ಹಿರಿಯರು "ಈ ಸಲ ತುಂಬುತ್ತೆ ನೋಡ್ತಿರು" ಎಂದು ಅದನ್ನು ಹುರಿದುಂಬಿಸುತ್ತಲೇ ಇದ್ದರು. ಅದಕ್ಕೂ ನಾಚಿಕೆಯಾಗಿರಬೇಕು, 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು.

ಇಂಥ ಜನರ ಕೈಗೆ ನಾನು ಸಿಕ್ಕಿಬಿದ್ದದ್ದು ಮಗಳು ಪುಣೆಯಲ್ಲಿ ಮನೆ ಮಾಡಿ "ಅಪ್ಪ, ಒಂದ್ಸಲ ಬನ್ನಿ" ಎಂದಾಗ. ನನ್ನ ಅಂಗಡಿ ಮುಂದಿನ ಸರ್ವಿಸ್ ರಸ್ತೆಯಾಚೆ ರಾಷ್ಟ್ರೀಯ ಹೆದ್ದಾರಿ 48. ದೆಹಲಿಯಿಂದ ಚೆನ್ನೈವರೆಗಿನ ಈ ರಸ್ತೆ ಪುಣೆಯ ಮೇಲೇ ಹಾದು ಬರುತ್ತದೆ. ರಾತ್ರಿ ಊಟ ಮಾಡಿ ರಸ್ತೆ ದಾಟಿ ಸ್ಲೀಪರ್ ಬಸ್ಸು ಹತ್ತಿದರೆ ಬೆಳಗ್ಗೆ ಪುಣೆ, ಎಡಕ್ಕಿಲ್ಲ ಬಲಕ್ಕಿಲ್ಲ. ಇದನ್ನು ಟೀ ಅಂಗಡಿಯಲ್ಲಿ ಬಾಯಿಬಿಟ್ಟೆ.

"ಬಸ್ಸಲ್ಲಿ? ಮಗಳು ಪುಣೆಯಲ್ಲಿದ್ದಾಳೆ, ನೀನು ಬಸ್ಸಲ್ಲಿ ಹೋಗ್ತೀಯಾ?" ಎಂದ ಪಂಚರ್ ಅಂಗಡಿಯವನು. ಪುಣೆಯಲ್ಲಿ ಮಗಳಿರುವುದಕ್ಕೂ ಬಸ್ಸಿಗೂ ಏನು ವೈರವೋ ತಿಳಿಯಲಿಲ್ಲ. "ಪ್ಲೇನಲ್ಲಿ ಹೋಗಣ್ಣ, ಏನೂ ಆಗಲ್ಲ. ಕಿಟಕಿ ಪಕ್ಕ ತಗೋ."

ಪ್ಲೇನು ಹತ್ತಬೇಕೆಂದರೆ ಮೊದಲು ಪುಣೆಗೆ ಬೆನ್ನು ಹಾಕಿ, ತುಮಕೂರು ರಸ್ತೆ ಹಿಡಿದು, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಮುಟ್ಟಬೇಕು. ಮೂರು ಗಂಟೆ ಅದಕ್ಕೆ, ಎರಡು ಗಂಟೆ ಮೊದಲೇ ಹೋಗಿ ಕೂರಬೇಕಾದ್ದು ಬೇರೆ. ಬಂದಷ್ಟೂ ದೂರವನ್ನು ಆಮೇಲೆ ಆಕಾಶದಲ್ಲಿ ವಾಪಸ್ ಹೋಗಬೇಕು. ಶಿರಾ ಹತ್ತಿರವೇ ಎರಡನೇ ವಿಮಾನ ನಿಲ್ದಾಣ ಆಗಲಿ ಎಂಬ ಬೇಡಿಕೆ ಇದೆ. ಆದರೆ ಮಗಳು ಅಲ್ಲಿಯವರೆಗೆ ಪುಣೆಯಲ್ಲೇ ಇರುತ್ತಾಳೆಂಬ ಭರವಸೆ ನನಗಿರಲಿಲ್ಲ.

"ನಮ್ಮ ಜಿಲ್ಲೆಯಲ್ಲೇ ವಿಮಾನ ಇಳಿಯುತ್ತಲ್ಲ" ಎಂದರು ನಿವೃತ್ತ ಹೆಡ್‌ಮೇಷ್ಟ್ರು. ಇಳಿಯುತ್ತದೆ, ಸುಳ್ಳಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಿಂದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ರಂದು ಇಸ್ರೋದವರು ಮರುಬಳಕೆಯ ರಾಕೆಟ್ ವಿಮಾನವೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ಕಟ್ಟಿ, ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟರು. ಅದು ತನ್ನಷ್ಟಕ್ಕೆ ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ಮುಂದಿನ ವರ್ಷದ ಪ್ರಯೋಗದ ಹೊತ್ತಿಗೆ ಅದಕ್ಕೆ 'ಪುಷ್ಪಕ್' ಎಂಬ ಹೆಸರೂ ಬಂತು. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ, ನಮ್ಮ ಹಿರಿಯೂರಿನ ಪ್ರೈವೇಟ್ ಬಸ್ಸಿನ ಹಾಗೆ. ಈ ಪುಷ್ಪಕದಲ್ಲಿ ಒಬ್ಬರಿಗೂ ಜಾಗವಿಲ್ಲ.

"ನಮ್ಮ ತಾಲ್ಲೂಕಲ್ಲಿ ಒಂದು ಬಿತ್ತಲ್ಲ ಮೇಷ್ಟ್ರೇ?" ಎಂದೆ. 2023ರ ಆಗಸ್ಟ್ 20ರಂದು ಅದೇ ನೆಲೆಯ 'ತಪಸ್' ಎಂಬ ಚಾಲಕರಹಿತ ವಿಮಾನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತ್ತು.

"ಬಿತ್ತು. ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಒಳಗೆ ಯಾರೂ ಇರ್ಲಿಲ್ವಲ್ಲ."

"ಅದೇ ಮತ್ತೆ. ಏನೂ ಆಗಲ್ಲ."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವರ ತರ್ಕ ಅದು. ಎದುರು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಅಲ್ಲಿಗೇ ಬಿಡುವವರಲ್ಲ. ಓದಿದವರು ಹುರಿದುಂಬಿಸುವ ರೀತಿಯೇ ಬೇರೆ, ಗ್ರಂಥಾಧಾರ ಸಮೇತ ಬರುತ್ತಾರೆ. ಗೊರೂರು ಎಂಬ ಒಂದೇ ಹಳ್ಳಿಯನ್ನು ಅವರು ಎರಡು ಸಲ ಎದುರಿಗೆ ತಂದು ನಿಲ್ಲಿಸಿದರು. ಹೇಮಾವತಿ ದಡದ ಆ ಊರಿನ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹಾರಿ 'ಅಮೆರಿಕದಲ್ಲಿ ಗೊರೂರು' ಬರೆದರು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡರು. ಅದೇ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಒಂದು ರೂಪಾಯಿಗೂ ಟಿಕೆಟ್ ಕೊಟ್ಟು, ಚಪ್ಪಲಿ ಹಾಕಿದವರನ್ನೂ ವಿಮಾನ ಹತ್ತಿಸಿದರು. "ಗೊರೂರಿನವರು ಹಾರಬಹುದು, ಜವನಗೊಂಡನಹಳ್ಳಿಯವರು ಹಾರಬಾರದಾ?" ಎಂದರು ಮೇಷ್ಟ್ರು. ಪ್ರಶ್ನೆ ಹೀಗೆ ಊರಿನ ಮರ್ಯಾದೆಗೆ ಬಂದು ನಿಂತಮೇಲೆ ಟಿಕೆಟ್ ತೆಗೆಸದೆ ವಿಧಿಯಿರಲಿಲ್ಲ. ಎಷ್ಟೋ ಜನರ ಬೋರ್ಡಿಂಗ್ ಪಾಸ್ ಪ್ರಿಂಟ್ ಹಾಕಿಕೊಟ್ಟ ಯಂತ್ರದಲ್ಲಿ ನನ್ನದೂ ಬಂತು. ಅಭ್ಯಾಸಬಲದಿಂದ ಎರಡು ಕಾಪಿ ತೆಗೆದೆ.

ದಾರಿಗೆ ಓದಲಿಕ್ಕೆಂದು ಮೇಷ್ಟ್ರು ಕೊಟ್ಟದ್ದು 'ದುರ್ಗಾಸ್ತಮಾನ'. ಚಿತ್ರದುರ್ಗ ಜಿಲ್ಲೆಯಲ್ಲಿ ಯಾರಾದರೂ ಪುಸ್ತಕ ಕಡ ಕೊಟ್ಟರೆ ಅದು ತರಾಸು ಅವರದೇ ಆಗಿರುತ್ತದೆ. 1985ರ ಅಕಾಡೆಮಿ ಪ್ರಶಸ್ತಿ ಆ ಪುಸ್ತಕಕ್ಕೆ ಬಂದಾಗ ಪಡೆಯಲು ಅವರೇ ಇರಲಿಲ್ಲ, ಹಿಂದಿನ ವರ್ಷ ತೀರಿಕೊಂಡಿದ್ದರು. ದೊಡ್ಡ ಪುಸ್ತಕ, ಒಳ್ಳೆಯ ಪುಸ್ತಕ. ಆದರೆ ಪ್ರಯಾಣ ಒಂದೂವರೆ ಗಂಟೆಯದು. ದುರ್ಗ ಹಿಡಿಯಲು ಹೈದರಾಲಿಗೇ ಒಂದು ಯತ್ನ ಸಾಲದೆ 1779ರವರೆಗೆ ಕಾಯಬೇಕಾಯಿತು. ನಾನು ಅದನ್ನು ದೇವನಹಳ್ಳಿಗೂ ಪುಣೆಗೂ ನಡುವೆ ಮುಗಿಸಬೇಕೆಂಬುದು ಮೇಷ್ಟ್ರ ಆಸೆ.

ನನ್ನನ್ನು ಹುರಿದುಂಬಿಸದೆ ಇದ್ದವರು ಟೀ ಅಂಗಡಿ ಅಕ್ಕ ಒಬ್ಬರೇ. "ಬಸ್ಸಲ್ಲೇ ಹೋಗಬಾರ್ದಾ?" ಎಂದು ಒಂದೇ ಮಾತು ಹೇಳಿ, ಮಗಳಿಗೆಂದು ಕೊಬ್ಬರಿ ಗಿಟುಕು ಕಟ್ಟಿ ಕೊಟ್ಟರು.

ಆ ಕೊಬ್ಬರಿ ದೇವನಹಳ್ಳಿ ದಾಟಲಿಲ್ಲ. ಬ್ಯಾಗಿನಲ್ಲಿ ಏನೇನಿದೆ ಎಂದು ಕೌಂಟರಿನ ಹುಡುಗಿ ಕೇಳಿದಳು. ಶೇಂಗಾ ಚಟ್ನಿಪುಡಿ ಎಂದಾಗ ನಕ್ಕಳು, ಕೊಬ್ಬರಿ ಎಂದಾಗ ನಗು ನಿಲ್ಲಿಸಿದಳು. ವಿಮಾನ ಸಾಗಣೆಯವರ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ನಂಬರೇ ಇದೆ. ಎಣ್ಣೆಯಂಶ ಇರುವುದರಿಂದ ಒತ್ತಾಗಿ ತುಂಬಿಟ್ಟರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ. ತಿಪಟೂರು ಸೀಮೆಯ ಪಕ್ಕದಲ್ಲಿ ಹುಟ್ಟಿ ಇಷ್ಟು ವರ್ಷ ಬಾರೂದಿನ ಜೊತೆ ಸಂಸಾರ ಮಾಡಿದ್ದೇನೆಂದು ನನಗೆ ತಿಳಿದದ್ದು ಆಗಲೇ. ಕಸದ ಡಬ್ಬಿ ತೋರಿಸಿದರು. ಕೊಬ್ಬರಿಯನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ನನ್ನ ಪರದಾಟ ನೋಡಿ ಹತ್ತಿರ ಬಂದಳು. "ಯಾವೂರಣ್ಣ?" ಎಂದಳು, ತನ್ನದು ಗುಬ್ಬಿ ಕಡೆ ಎಂದಳು. ವಿಷಯ ಕೇಳಿ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿದಳು. "ಚೆನ್ನಾಗದೆ. ನಮ್ಮಟ್ಟದ ಮೇಲೆ ಕಾಯಿ ವರ್ಷ ಇರ್ತದೆ, ಒಂದಿನ ಉರಿದಿಲ್ಲ" ಎಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಮಾರಿಕಣಿವೆ ಕಾಣಬೇಕೆಂದರೆ ಎಡಗಡೆ ಕಿಟಕಿ ಹಿಡಿ ಎಂದು ಮೇಷ್ಟ್ರು ಭೂಪಟ ತೆಗೆದು ತೋರಿಸಿದ್ದರು. ನನಗೆ ಸಿಕ್ಕಿದ್ದು ಬಲಗಡೆಯದು. ಎಡಗಡೆಗೆ ಹೆಚ್ಚಿನ ದುಡ್ಡು ಕೊಡಬೇಕಿತ್ತು, ಮಾರಿಕಣಿವೆಯನ್ನು ಬಸ್ ಚಾರ್ಜಿನಲ್ಲೇ ಹೋಗಿ ನೋಡಬಹುದು. ವಿಮಾನ ಎದ್ದ ಗಳಿಗೆಯಲ್ಲಿ ಹೊಟ್ಟೆ ದೇವನಹಳ್ಳಿಯಲ್ಲೇ ಉಳಿದು ನಾನು ಮಾತ್ರ ಮೇಲೆ ಹೋದೆ. ಇದನ್ನು ಊರಿನಲ್ಲಿ ಯಾರೂ ಹೇಳಿರಲಿಲ್ಲ, ಹೇಳಲು ಅವರಿಗೆ ಗೊತ್ತಿದ್ದರಲ್ಲವೇ!

ಪಕ್ಕದಲ್ಲಿ ಕೂತ ಹುಡುಗನಿಗೆ ವಿಮಾನ ನೋಡುವುದೇ ಹವ್ಯಾಸ. ನಿಂತ ವಿಮಾನಗಳ ಹಿಂಬದಿಯಲ್ಲಿ 'ವಿಟಿ' ಎಂದು ಶುರುವಾಗುವ ಅಕ್ಷರಗಳನ್ನು ಚಿಕ್ಕ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಭಾರತದಲ್ಲಿ ನೋಂದಣಿಯಾದ ವಿಮಾನಕ್ಕೆಲ್ಲ ಆ ಎರಡಕ್ಷರ ಇರುತ್ತದಂತೆ. ಹೆದ್ದಾರಿಯಲ್ಲಿ ಕೂತು ಲಾರಿ ನಂಬರ್ ಬರೆದುಕೊಂಡರೆ ನಮ್ಮಲ್ಲಿ ಆರ್‌ಟಿಒ ಕಡೆಯವನೋ ಎಂದು ಅನುಮಾನಿಸುತ್ತಾರೆ. ಅವನು "ನಿಮ್ಮ ಹವ್ಯಾಸ ಏನು ಅಂಕಲ್?" ಎಂದ. ಓದುವುದು ಎಂದೆ. "ಯಾವ ಪುಸ್ತಕ?" ಎಂದ! ಇಷ್ಟು ಬಯೋಡೇಟಾ ಟೈಪ್ ಮಾಡಿದರೂ ಕೇಳಿರದ ಪ್ರಶ್ನೆಯನ್ನು ಕೊನೆಗೂ ಒಬ್ಬ ಕೇಳಿದ. ತೊಡೆಯ ಮೇಲಿದ್ದ ದುರ್ಗವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ.

ಅಷ್ಟರಲ್ಲಿ ಅವನು ಕಿಟಕಿಗೆ ಬಾಗಿ "ಅಲ್ನೋಡಿ, ಎಷ್ಟು ದೊಡ್ಡ ಕೆರೆ!" ಎಂದ. ದೂರದಲ್ಲಿ ಬೂದುನೀಲಿ ಹಾಳೆ ಹಾಸಿದಂತೆ ಹೊಳೆಯುತ್ತಿತ್ತು, ಆದರೆ ಅಂಚುಗಳೆಲ್ಲ ನೇರ, ಮೂಲೆಗಳೆಲ್ಲ ಚೌಕ. ನಮ್ಮ ಕಡೆ ಕೆರೆಗೆ ಅಂಥ ಶಿಸ್ತು ಎಲ್ಲಿಂದ ಬರಬೇಕು? ಅದು ಪಾವಗಡದ ಸೋಲಾರ್ ಪಾರ್ಕ್. ಸುಮಾರು ಹದಿಮೂರು ಸಾವಿರ ಎಕರೆ, 2050 ಮೆಗಾವಾಟ್. ಜಮೀನನ್ನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಮಳೆ ನಂಬಿ ಕೆಟ್ಟವರು ಬಿಸಿಲನ್ನೇ ಬಾಡಿಗೆಗೆ ಬಿಟ್ಟಿದ್ದಾರೆ. ಇದನ್ನೆಲ್ಲ ಹುಡುಗನಿಗೆ ವಿವರಿಸುವಷ್ಟರಲ್ಲಿ ಗಗನಸಖಿ ಬೆಲ್ಟು ಕಟ್ಟಿಕೊಳ್ಳಿ ಎಂದಳು. ಪುಸ್ತಕದಲ್ಲಿ ನಾನು ಇನ್ನೂ ಕೋಟೆ ಬಾಗಿಲ ಆಚೆಗೇ ಇದ್ದೆ.

ಬರುವಾಗ ಸ್ಲೀಪರ್ ಬಸ್ಸಿನಲ್ಲಿ ಬಂದೆ. ಮಗಳು ಬೇಡವೆಂದಳು, ಅವಳಿಗೂ ನಾನು ಅದೇ ಮಂತ್ರ ಹೇಳಿದೆ: ಏನೂ ಆಗಲ್ಲ. ನಸುಕಿನಲ್ಲಿ ಅಂಗಡಿಯ ಎದುರಿಗೇ ಇಳಿಸಿದರು, ಶಟರ್ ಎತ್ತುವುದೊಂದೇ ಬಾಕಿ. ಟೀ ಅಂಗಡಿ ಅಕ್ಕ "ಕೊಬ್ಬರಿ ಕೊಟ್ಯಾ ಮಗೀಗೆ?" ಎಂದರು. ತಲುಪಬೇಕಾದವರಿಗೆ ತಲುಪಿತು ಎಂದೆ.

ಈಗ ಬೆಂಚಿನವರಿಗೆ ಹೊಸ ಕೆಲಸ ಸಿಕ್ಕಿದೆ. "ಹೋಗಿ ಬಂದದ್ದು ಬರಿಯಣ್ಣ, ಗೊರೂರು ಬರೆದಿಲ್ವಾ?" ಎಂದು ಹಿಡಿದಿದ್ದಾರೆ. ಮೇಷ್ಟ್ರು ತಿದ್ದಿಕೊಡುತ್ತೇನೆಂದಿದ್ದಾರೆ. ತನ್ನ ಹೆಸರು ಮೊದಲ ಪುಟದಲ್ಲೇ ಬರಬೇಕೆಂದು ಪಂಚರ್ ಅಂಗಡಿಯವನ ಷರತ್ತು, ಅದಕ್ಕೇ ಎಲ್ಲೂ ಹಾಕಿಲ್ಲ. ನಿನ್ನೆ ಸಂಜೆ ಪಾಯಿಂಟ್ ದೊಡ್ಡಪ್ಪ ಬಂದು ಗಾಜಿನ ಮೇಲೆ ಹರಡಿದ್ದ ಹಾಳೆಗಳನ್ನು ನೋಡಿದರು.

"ಏನಾದ್ರೂ ಸಿಕ್ತೇನೋ?"

"ಇನ್ನೂ ಇಲ್ಲ ದೊಡ್ಡಪ್ಪ, ಬರೀ ಧೂಳು."

ಹಾಳೆಯ ಮೇಲೆ ಅಂಗೈ ಚಾಚಿ ಗಳಿಗೆ ಹೊತ್ತು ಕಣ್ಣುಮುಚ್ಚಿ ನಿಂತರು. "ಇಳಿಸು, ಇನ್ನೊಂದು ಐವತ್ತು ಅಡಿ" ಎಂದರು. ಹಾಳೆ ನನ್ನದು, ಟೋನರ್ ನನ್ನದು. ಅವರಿಗೇನು?